ಹೊಳೆಯಲ್ಲಿ ನಿಂತ ಇಗರ್ಜಿ

ರಿಜಿಸ್ಟರಿನ ಆರನೇ ಅಂಕಣದ ಅಗಲ ಹದಿನೇಳು ಮಿಲಿಮೀಟರ್. ಅದರಲ್ಲಿ ನೀಲಿ ಶಾಯಿಯಲ್ಲಿ, ಇಂಗ್ಲಿಷಿನಲ್ಲಿ, ಎರಡೇ ಅಕ್ಷರ — ವಿ. ಕೆ. ‘ವಿ’ಯ ಎಡಗಾಲು ಬಲಗಾಲಿಗಿಂತ ತುಸು ಗಿಡ್ಡ. ಒಂದರ ಕೆಳಗೊಂದರಂತೆ ಇಪ್ಪತ್ತೆಂಟು ಸಾಲುಗಳಲ್ಲಿ ಅದೇ ಎರಡು ಅಕ್ಷರ.

ವಿ. ಕೆ. ಅಂದರೆ ವಿಠಲ ಕೋಟ್ಯಾನ್. ಬರೆದದ್ದು ನಾನು.

ಇದನ್ನು ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಪ್ರತಿ ವರ್ಷ ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ ಪಾದ್ರಿಯ ಎದುರು ಮಂಡಿಯೂರಿ ಪಾಪನಿವೇದನೆ ಮಾಡಿದ್ದೇನೆ — ಸಿಟ್ಟು ಮಾಡಿದ್ದು, ಅಮ್ಮನ ಫೋನು ಎತ್ತದೆ ಬಿಟ್ಟದ್ದು, ಇಗರ್ಜಿಯ ಪೂಜೆ ತಪ್ಪಿಸಿದ್ದು ಎಲ್ಲವನ್ನೂ ಹೇಳಿದ್ದೇನೆ. ಇದನ್ನು ಹೇಳಲಿಲ್ಲ. ಹೇಳಿದರೆ ಕ್ಷಮೆ ಸಿಕ್ಕಿಬಿಡಬಹುದು ಎಂಬ ಹೆದರಿಕೆಯೋ, ಅಥವಾ — ಇಲ್ಲ, ಅದು ಚಂದದ ಕಾರಣ. ನಿಜವಾದದ್ದು ನಾಚಿಕೆ.

ನಾನು ಬಹ್ರೇನಿಗೆ ಬಂದದ್ದು ಮಂಗಳೂರಿನಲ್ಲಿ ಭೂಗೋಳಶಾಸ್ತ್ರದ ಎಂ.ಎಸ್ಸಿ. ಮುಗಿಸಿ. ಸೀಫ್‌ನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನಮ್ಮ ಆಫೀಸು. ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಆ ವರ್ಷ ಬ್ರಿಟನ್ನಿನ ಒಬ್ಬ ಗ್ರಾಹಕರಿಂದ ವೇಲ್ಸ್ ಪ್ರಾಂತ್ಯದ ಹಳೆಯ ಸರ್ವೆ ಹಾಳೆಗಳು ಬಂದಿದ್ದವು. ಅಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಒಂದೊಂದು ಕೌಂಟಿಗೂ ಹತ್ತಾರು ಹಾಳೆ. ನೂರು ವರ್ಷಕ್ಕೂ ಹಿಂದೆ ಸರಪಳಿ ಎಳೆದು ಅಳೆದವರು ಪ್ರತಿ ಬಾವಿ, ಪ್ರತಿ ಕುರಿದೊಡ್ಡಿ, ಪ್ರತಿ ಕಾಲುಸೇತುವೆಯನ್ನು ಬರೆದಿದ್ದರು. ಕೌಂಟಿಯ ಗಡಿ ಬಂದೊಡನೆ ಗೆರೆಗಳು ನಿಂತುಬಿಡುತ್ತಿದ್ದವು. ಆಚೆ ಬರೀ ಬಿಳಿ ಕಾಗದ. ಅದು ಬೇರೆ ಕೌಂಟಿಯವರ ಕೆಲಸ. ಆ ಹಾಳೆಗಳನ್ನು ಇಂದಿನ ಭೂಮಿಯ ಮೇಲೆ ಅದರದರ ಜಾಗದಲ್ಲಿ ಕೂರಿಸಬೇಕಿತ್ತು. ಕೂರಿಸುವವಳು ನಾನು. ಕೂರಿಸಿದ್ದು ಸರಿಯೇ ಎಂದು ನೋಡಿ ರಿಜಿಸ್ಟರಿನ ಆರನೇ ಅಂಕಣದಲ್ಲಿ ಅಕ್ಷರ ಹಾಕುವವರು ವಿಠಲಣ್ಣ. ಕೂರಿಸಿದವರೇ ಪರೀಕ್ಷಿಸುವ ಹಾಗಿಲ್ಲ — ನಮ್ಮ ಕೆಲಸದಲ್ಲಿ ಅದೊಂದೇ ಕಟ್ಟುನಿಟ್ಟಿನ ನಿಯಮ.

ವಿಠಲಣ್ಣ ಮೂಲ್ಕಿ ಕಡೆಯವರು. ನಾನು ಹುಟ್ಟುವ ಮೊದಲೇ ಈ ದ್ವೀಪಕ್ಕೆ ಬಂದು, ಸಮುದ್ರ ತುಂಬಿಸಿ ನೆಲ ಮಾಡುವವರ ಜತೆ ಸರ್ವೆಯ ಕೆಲಸ ಮಾಡಿದವರು. ಬಿಸಿಲು ತಡೆಯದಾದ ಮೇಲೆ ಎಸಿಯ ಒಳಗೆ, ನಮ್ಮ ಆಫೀಸಿಗೆ ಬಂದರು. ಅವರ ಮನೆಮಾತು ತುಳು, ನನ್ನದು ಕೊಂಕಣಿ. ನಮ್ಮ ನಡುವೆ ಕನ್ನಡ. ಇಬ್ಬರೂ ಹೂರಾ ಬಡಾವಣೆಯಲ್ಲೇ ಇದ್ದುದರಿಂದ ಒಂದೇ ವ್ಯಾನಿನಲ್ಲಿ ಬರುತ್ತಿದ್ದೆವು. ಮೊದಲ ದಿನ ವ್ಯಾನು ಕಟ್ಟಡದ ಎದುರು ನಿಂತಾಗ ಅವರು ಹೇಳಿದ್ದು ಇದು:

“ಈಗ ನೀನು ಕಾಲಿಡ್ತೀಯಲ್ಲ, ಅಲ್ಲಿ ನಾನು ಸೊಂಟದವರೆಗೆ ನೀರಲ್ಲಿ ನಿಂತು ಅಳತೆಕೋಲು ಹಿಡಿದವ. ಜಾಗ್ರತೆ ಇಳಿ, ಎಂ.ಎಸ್ಸಿ. ಮೇಡಂ. ಚಪ್ಪಲಿ ಒದ್ದೆಯಾದೀತು.”

‘ಎಂ.ಎಸ್ಸಿ. ಮೇಡಂ’ ಎಂದು ಅವರು ಕರೆಯುತ್ತಿದ್ದುದು ಪ್ರೀತಿಯಿಂದ. ನನಗೆ ಅದು ಚುಚ್ಚುತ್ತಿತ್ತು. ಅವರು ಹತ್ತನೇ ಕ್ಲಾಸಿನ ಮೇಲೆ ಐಟಿಐ ಓದಿದವರು. ನಾನು ಪರದೆಯಲ್ಲಿ ಅರ್ಧ ಗಂಟೆ ಲೆಕ್ಕ ಹಾಕಿ ಹುಡುಕಿದ ತಪ್ಪನ್ನು ಅವರು ಪ್ರಿಂಟಿನ ಮೇಲೆ ಹಿತ್ತಾಳೆಯ ಪುಟ್ಟ ಭೂತಗನ್ನಡಿ ಇಟ್ಟು ಒಂದು ನಿಮಿಷದಲ್ಲಿ ತೋರಿಸುತ್ತಿದ್ದರು. ಕಣ್ಣಿಗೆ ಪೊರೆ ಬರತೊಡಗಿತ್ತು, ಆದರೂ.

ಮೊದಲ ವಾರದಲ್ಲಿ ಅವರು ಕಲಿಸಿದ್ದು ಎರಡು ಸಂಗತಿ. ಎರಡನ್ನೂ ನಾನು ಮುರಿದೆ, ಅದಕ್ಕೇ ಇಲ್ಲಿ ಬರೆಯುತ್ತೇನೆ.

ಒಂದನೆಯದು: ಆ ಕಾಲದ ಸರ್ವೆಗೆ ಇಡೀ ದೇಶಕ್ಕೆ ಒಂದೇ ಮೂಲಬಿಂದು ಇರಲಿಲ್ಲ. ಕೆಲವು ಕೌಂಟಿಗಳನ್ನು ಒಂದು ಗುಡ್ಡದಿಂದ ಅಳೆಯುತ್ತಾ ಹೋಗಿದ್ದರು, ಇನ್ನು ಕೆಲವನ್ನು ಇನ್ನೊಂದರಿಂದ. “ಹಾಳೆ ಮುಟ್ಟುವ ಮೊದಲು ಅದು ಯಾವ ಗುಡ್ಡದ ಮಗು ಅಂತ ನೋಡು. ಎಲ್ಲ ಒಂದೇ ಹಾಗೆ ಕಾಣ್ತದೆ. ಒಂದೇ ಅಲ್ಲ.”

ಎರಡನೆಯದು: ಅಳಿಸಬಾರದು. “ಸರ್ವೆಯವನ ಪುಸ್ತಕದಲ್ಲಿ ರಬ್ಬರಿಗೆ ಜಾಗ ಇಲ್ಲ ಮಗಾ. ತಪ್ಪಿದರೆ ಒಂದೇ ಗೆರೆ ಎಳಿ. ಕೆಳಗಿನ ತಪ್ಪು ಓದ್ಲಿಕ್ಕೆ ಆಗ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರೆ, ನಿನ್ನ ಹೆಸರು ಹಾಕು. ಅಷ್ಟೆ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಎಂತದೂ ಇಲ್ಲ.”

ದಕ್ಷಿಣಕ್ಕೆ ಕಾರ್ಡಿಗನ್‌ಶೈರ್, ಉತ್ತರಕ್ಕೆ ಮೆರಿಯೊನೆತ್‌ಶೈರ್, ನಡುವೆ ಒಂದು ಹೊಳೆ. ದಕ್ಷಿಣದ್ದು ಮುಗಿದಿತ್ತು. ಉತ್ತರದ ಹಾಳೆಗಳನ್ನು ನಾನು ಅದರ ಲೆಕ್ಕದಲ್ಲೇ ಮುಂದುವರಿಸಿಬಿಟ್ಟೆ. ಯಾವ ಗುಡ್ಡದ್ದು ಎಂದು ನೋಡಲಿಲ್ಲ. ಗೊತ್ತಿರಲಿಲ್ಲವೆಂದಲ್ಲ — ಬೇಗ ಮುಗಿಸುವ ಹುಮ್ಮಸ್ಸು. ಇದೆಲ್ಲ ನನಗೆ ಬಂತು ಎಂಬ ಭಾವನೆ. ಬಡಗಣ ತುದಿಯ ಒಂದು ಹಾಳೆಯನ್ನು ಕೈಯಿಂದಲೇ ಜಾಗಕ್ಕೆ ಎಳೆದು ಕೂರಿಸಿದೆ. ಚೆನ್ನಾಗಿ ಕೂತಿತು. ಪಕ್ಕದ್ದೂ ಕೂತಿತು. ಆದರೆ ಮೂಲ ಬೇರೆಯಾದ್ದರಿಂದ ಹಾಳೆಗಳು ಒಂದಿಷ್ಟೇ ಓರೆಯಾಗಿದ್ದವು — ಕಣ್ಣಿಗೆ ಕಾಣದಷ್ಟು, ಆದರೆ ಹಾಳೆಯಿಂದ ಹಾಳೆಗೆ ಬೆಳೆಯುವಂಥ ಓರೆ. ಇಪ್ಪತ್ತೆಂಟನೇ ಹಾಳೆಯಲ್ಲಿ ಹೊಳೆಯ ಹತ್ತಿರ ಬಂದಾಗ ಈ ದಡ ಆ ದಡಕ್ಕೆ ಹೊಂದಲಿಲ್ಲ.

ಅದು ಬುಧವಾರ. ಗುರುವಾರ ಸಂಜೆಗೆ ಕೆಲಸ ಒಪ್ಪಿಸಬೇಕಿತ್ತು. ವಿಠಲಣ್ಣ ಕಣ್ಣಿನ ತಪಾಸಣೆಗೆಂದು ಎರಡು ದಿನ ರಜೆ ಹಾಕಿದ್ದರು, ಹೋಗುವ ಮೊದಲು ಮಂಗಳವಾರ ನನ್ನ ಮೇಜಿನ ಹತ್ತಿರ ಬಂದು, “ಹೊಳೆ ಹತ್ತಿರದ್ದನ್ನು ನಾನು ಬಾರದೆ ಕಳಿಸ್ಬೇಡ. ಒಂದು ದಿನ ತಡವಾದರೆ ಆಗ್ಲಿ, ನಾನು ಸಾರ್ ಹತ್ರ ಹೇಳ್ತೇನೆ” ಎಂದಿದ್ದರು.

ಅಷ್ಟು ಸುಲಭವಿತ್ತು. ಮ್ಯಾನೇಜರರ ಬಾಗಿಲು ನನ್ನ ಕುರ್ಚಿಯಿಂದ ಒಂಬತ್ತು ಹೆಜ್ಜೆ. ‘ಸಾರ್, ನಾನು ಮೂಲಬಿಂದು ತಪ್ಪಿಸಿದ್ದೇನೆ, ಎಂಟು ದಿನ ಬೇಕು’ — ಇಷ್ಟೇ ವಾಕ್ಯ. ನಾನು ಪ್ರೊಬೇಷನ್‌ನಲ್ಲಿದ್ದೆ ನಿಜ, ಆದರೆ ಅದಕ್ಕೆ ಯಾರೂ ನನ್ನನ್ನು ಕಳಿಸಿಬಿಡುತ್ತಿರಲಿಲ್ಲ. ಆ ಮನುಷ್ಯ ಹಾಗಿರಲಿಲ್ಲ. ನಾನು ಹೋಗದೆ ಇದ್ದದ್ದು ಬೇರೆ ಕಾರಣಕ್ಕೆ. ಚಿಕ್ಕಂದಿನಿಂದ ನನ್ನ ಉತ್ತರ ಪತ್ರಿಕೆಯಲ್ಲಿ ಕೆಂಪು ಗೆರೆ ಬಿದ್ದದ್ದೇ ಕಡಿಮೆ. ಮೊದಲ ವಾರವೇ ಹೇಳಿಕೊಟ್ಟ ಪಾಠವನ್ನು ತಪ್ಪಿದೆ ಎಂದು ಐಟಿಐ ಓದಿದವರ ಎದುರು ನಿಂತು —

ಈ ವಾಕ್ಯವನ್ನು ಎಷ್ಟು ಸಲ ಶುರು ಮಾಡಿದರೂ ಮುಗಿಸಲು ಆಗುವುದಿಲ್ಲ.

ನಮ್ಮ ಸಾಫ್ಟ್‌ವೇರಿನಲ್ಲಿ ಹಾಳೆಯನ್ನು ರಬ್ಬರಿನಂತೆ ಎಳೆಯಲು ಬರುತ್ತದೆ. ಹೊಳೆಯ ದಡದುದ್ದಕ್ಕೂ ಬಿಂದುಗಳನ್ನು ಇಟ್ಟು ಎರಡು ದಡಗಳೂ ಹೊಂದುವ ಹಾಗೆ ಎಳೆದೆ. ಅಂಚು ಅಂಚಿಗೆ ಕೂತಿತು. ನಡುವೆ ಇದ್ದದ್ದೆಲ್ಲ — ಮನೆ, ಬೇಲಿ, ದಾರಿ — ಎತ್ತಲೋ ಸರಿಯಿತು. ದೂರದಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಒಂದು ಹಾಳೆ ಕಾಗದ ತೆಗೆದುಕೊಂಡು ‘ವಿ. ಕೆ.’ ಎಂದು ಬರೆದು ಅಭ್ಯಾಸ ಮಾಡಿದೆ. ಎಡಗಾಲು ಗಿಡ್ಡ ಮಾಡುವುದು ಬರಲು ಹತ್ತು ನಿಮಿಷ ಸಾಕಾಯಿತು. ರಿಜಿಸ್ಟರಿನಲ್ಲಿ ಇಪ್ಪತ್ತೆಂಟು ಸಾಲು, ಪಕ್ಕದಲ್ಲಿ ಮಂಗಳವಾರದ ತಾರೀಕು. ಅಭ್ಯಾಸದ ಕಾಗದವನ್ನು ಚೂರು ಮಾಡುವ ಯಂತ್ರಕ್ಕೆ ಹಾಕಿದೆ.

ಇಲ್ಲಿನ ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ವ್ಯಾನಿನಲ್ಲಿ ಅವರು ಕೇಳಿದರು. “ಹೊಳೆಯದ್ದು ಏನಾಯ್ತು?”

“ಕಳಿಸಿದೆ ವಿಠಲಣ್ಣ. ಮಂಗಳವಾರವೇ ನೀವು ನೋಡಿದ್ದಿರಲ್ಲ, ಚಾ ಕುಡಿದ ಮೇಲೆ.”

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ನಕ್ಕರು. “ನಾನಾ? ಹೌದಾ? ಡಾಕ್ಟ್ರು ಬರೀ ಕಣ್ಣು ನೋಡಿದ್ರು ಮಾರಾಯ್ತಿ. ತಲೆಯನ್ನೂ ನೋಡ್ಬೇಕಿತ್ತು.”

ನಾನೂ ನಕ್ಕೆ. ಅಕ್ಷರ ಕದ್ದದ್ದು ಬುಧವಾರ. ಆದರೆ ಅವರಿಂದ ಏನೋ ಒಂದನ್ನು ನಿಜವಾಗಿ ತೆಗೆದುಕೊಂಡದ್ದು ಆ ಭಾನುವಾರ, ಆ ನಗುವಿನಲ್ಲಿ.

ಎರಡು ತಿಂಗಳ ನಂತರ ಗ್ರಾಹಕರ ಪತ್ರ ಬಂತು. ಬಹಳ ಸಭ್ಯ ಭಾಷೆ. ‘ನಿಮ್ಮ ನಕಾಶೆಯ ಪ್ರಕಾರ ನಮ್ಮ ಊರಿನ ಪ್ರಾರ್ಥನಾಮಂದಿರ ಈಗ ನದಿಯ ನಡುವೆ ನಿಂತಿದೆ, ಕಟ್ಟಿದವರಿಗೆ ಆ ಉದ್ದೇಶ ಇರಲಿಲ್ಲವೆಂದು ನಮ್ಮ ನಂಬಿಕೆ.’ ಇಡೀ ಕೌಂಟಿಯ ಕೆಲಸವನ್ನು ವಾಪಸು ಕಳಿಸಿದ್ದರು. ಮ್ಯಾನೇಜರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು. ಪಕ್ಕದಲ್ಲಿ ದೊಡ್ಡ ಪ್ರಿಂಟು. ವಿಠಲಣ್ಣ ಬಗ್ಗಿ, ಭೂತಗನ್ನಡಿ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

“ಇಗರ್ಜಿ ಹೊಳೆಯಲ್ಲಿ ನಿಂತಿದೆಯಲ್ಲ,” ಎಂದು ಕನ್ನಡದಲ್ಲಿ, ನನಗೆ ಮಾತ್ರ ಕೇಳುವಂತೆ ಹೇಳಿದರು. “ಇಷ್ಟು ದೊಡ್ಡದು ನನಗೆ ಕಾಣ್ಲಿಲ್ಲವಾ?”

ಮ್ಯಾನೇಜರ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. “ಲವೀನಾ, ಇವನ್ನು ವಿಠಲ್ ಪರೀಕ್ಷೆ ಮಾಡಿದ್ದು ಹೌದಾ?”

ಎಸಿಯಿಂದ ಪ್ರಿಂಟಿನ ಒಂದು ಮೂಲೆ ಏಳುತ್ತಿತ್ತು, ಬೀಳುತ್ತಿತ್ತು. ಅದು ಮೂರು ಸಲ ಎದ್ದದ್ದನ್ನು ನೋಡಿದೆ. ಆಮೇಲೆ ಹೇಳಿದೆ:

“ಹೌದು ಸಾರ್. ಅವರೇ ನೋಡಿದ್ದು.”

ವಿಠಲಣ್ಣ ವಾದ ಮಾಡಲಿಲ್ಲ. ಮಾಡುತ್ತಾರೆಂದು ಕಾದಿದ್ದೆ — ಮಾಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೇನೋ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಅದನ್ನೂ ನಂಬುವುದಿಲ್ಲ. ಅವರು ರಿಜಿಸ್ಟರಿನ ಮೇಲೆ ಬೆರಳಿಟ್ಟು, “ನನ್ನ ಅಕ್ಷರ ಉಂಟಲ್ಲ ಸಾರ್. ನಾನು ನೋಡಿದ್ದೇ ಇರಬೇಕು. ಹುಡುಗಿಯದ್ದು ತಪ್ಪಿಲ್ಲ. ಕೂರಿಸುವವರು ತಪ್ಪುವುದು ಉಂಟು. ಹಿಡಿಯಲಿಕ್ಕೇ ಅಲ್ವಾ ನಾನು ಇರುವುದು” ಎಂದರು.

ಅವರ ಕಾಂಟ್ರಾಕ್ಟು ಆ ವರ್ಷ ಮುಂದುವರಿಯಲಿಲ್ಲ. ಯಾರೂ ಗದರಿಸಲಿಲ್ಲ, ಅವಮಾನ ಮಾಡಲಿಲ್ಲ. ಕಣ್ಣಿನ ಕಾರಣ, ವಯಸ್ಸಿನ ಕಾರಣ ಎಂದರು. ವೀಸಾ ರದ್ದಾಯಿತು. ಇಲ್ಲಿನ ಗುರುತಿನ ಚೀಟಿ, ಸಿಪಿಆರ್ ಕಾರ್ಡು ಒಪ್ಪಿಸಿದರು. ಈ ದೇಶದಲ್ಲಿ ಒಬ್ಬರು ಇದ್ದರು ಎಂಬುದನ್ನು ಮುಗಿಸಲು ಅಷ್ಟು ಸಾಕು. ಹಾಳಾದ ಇಪ್ಪತ್ತೆಂಟು ಹಾಳೆಗಳನ್ನು ಮತ್ತೆ ಕೂರಿಸುವ ಕೆಲಸ ನನಗೇ ಬಂತು. ಎಂಟು ದಿನಗಳಲ್ಲಿ ಮುಗಿಸಿದೆ. ತಪ್ಪು ಎಲ್ಲಿತ್ತೆಂದು ಇಷ್ಟು ಬೇಗ ಹೇಗೆ ಹುಡುಕಿದೆ ಎಂದು ಮ್ಯಾನೇಜರ್ ಎಲ್ಲರೆದುರು ಹೊಗಳಿದರು.

ಹೊರಡುವ ದಿನ ವಿಠಲಣ್ಣ ತಮ್ಮ ಭೂತಗನ್ನಡಿಯನ್ನು ನನ್ನ ಮೇಜಿನ ಮೇಲಿಟ್ಟರು. “ನನಗೆ ಇನ್ನು ಇದು ಯಾಕೆ? ನಿನ್ನ ಕಣ್ಣು ಒಳ್ಳೆಯದು ಮಗಾ. ಇಟ್ಕೋ.”

ಇಟ್ಟುಕೊಂಡೆ.

ಈಗ ನಾನೇ ಪರೀಕ್ಷಕಿ. ಆರನೇ ಅಂಕಣದಲ್ಲಿ ನನ್ನ ಅಕ್ಷರ ಬೀಳುತ್ತದೆ — ಎಲ್. ಡಿ. ಸೀಫ್‌ನ ಕಡಲಂಚಿನಲ್ಲಿ ಹೊಸ ನೆಲ ಎದ್ದಿದೆ, ಹೊಸ ಹುಡುಗಿಯರು ಬಂದಿದ್ದಾರೆ, ವ್ಯಾನು ಬದಲಾಗಿದೆ. ಹಬ್ಬಗಳಿಗೆ ವಿಠಲಣ್ಣನ ಹೆಂಡತಿ ಸುಮತಿ ಅಕ್ಕ ನನಗೆ ಸಂದೇಶ ಕಳಿಸುತ್ತಾರೆ. ನಾನು ಕೈ ಮುಗಿದ ಚಿತ್ರ ವಾಪಸು ಕಳಿಸುತ್ತೇನೆ. ಕಳೆದ ತಿಂಗಳು ಅವರು ಚಿತ್ರ ಕಳಿಸಲಿಲ್ಲ, ಮಾತಿನಲ್ಲೇ ಒಂದು ಸಂದೇಶ ಕಳಿಸಿದರು.

“ಲವೀನಾ, ಇವರಿಗೆ ಕಣ್ಣಿನ ಆಪರೇಶನ್ ಆಗಿ ಒಂದು ವರ್ಷ ಆಯ್ತು. ಡಾಕ್ಟ್ರು ಸೂಜಿಗೆ ನೂಲು ಹಾಕಬಹುದು ಅಂತಾರೆ. ಇವರು ಪೇಪರ್ ಓದುದಿಲ್ಲ. ಬಸ್ಸಿನ ಬೋರ್ಡನ್ನೂ ನನ್ನತ್ರ ಕೇಳ್ತಾರೆ. ನೆರೆಯವರು ಜಾಗದ ಗಡಿ ಸ್ವಲ್ಪ ನೋಡಿ ಕೊಡಿ ಅಂತ ಬಂದರೆ, ನನ್ನ ಕಣ್ಣನ್ನು ನಂಬಬೇಡಿ, ಇಗರ್ಜಿಯನ್ನೇ ಹೊಳೆಗೆ ಹಾಕಿದವ ನಾನು ಅಂತ ಕಳಿಸ್ತಾರೆ. ಎಂತ ಇಗರ್ಜಿ ಅದು? ನಿನಗೆ ಗೊತ್ತುಂಟಾ?”

ಆ ಸಂದೇಶವನ್ನು ಎಷ್ಟು ಸಲ ಕೇಳಿದೆನೋ. ಅವರ ಕೆಲಸ ಹೋಯಿತು, ಅದು ಒಂದಲ್ಲ ಒಂದು ದಿನ ಹೋಗುವಂಥದ್ದೇ ಎಂದು ನಾನು ಇಷ್ಟು ವರ್ಷ ನನ್ನನ್ನು ಸಂತೈಸಿಕೊಂಡಿದ್ದೆ. ಹೋದದ್ದು ಕೆಲಸವಲ್ಲ. ಕಂಡದ್ದನ್ನು ಕಂಡೆ ಎನ್ನುವ ಧೈರ್ಯ ಹೋಗಿತ್ತು. ಮೂವತ್ತು ವರ್ಷ ಅದರಿಂದಲೇ ಬದುಕಿದವರು —

ಮೂರು ವಾರ ತಡ ಮಾಡಿದೆ. ಮೊನ್ನೆ ಶನಿವಾರ ಮಧ್ಯಾಹ್ನ ಫೋನು ಮಾಡಿದೆ. ಸುಮತಿ ಅಕ್ಕ ಎತ್ತಿ ಅವರಿಗೆ ಕೊಟ್ಟರು.

“ಏನು ಎಂ.ಎಸ್ಸಿ. ಮೇಡಂ,” ಎಂದರು. ದನಿ ತೆಳುವಾಗಿತ್ತು. “ಸಮುದ್ರ ಉಂಟಾ ಅಲ್ಲಿ ಇನ್ನೂ, ಇಲ್ಲ ಎಲ್ಲ ತುಂಬಿಸಿಯಾಯ್ತಾ?”

ನಾನು ಬರೆದಿಟ್ಟುಕೊಂಡಿದ್ದೆ. ಬರೆದದ್ದನ್ನೇ ಓದಿದೆ. “ವಿಠಲಣ್ಣ, ಹೊಳೆಯವರೆಗಿನ ಆ ಇಪ್ಪತ್ತೆಂಟು ಹಾಳೆಗಳನ್ನು ನೀವು ನೋಡಿಯೇ ಇರಲಿಲ್ಲ. ಮೂಲಬಿಂದು ತಪ್ಪಿದವಳು ನಾನು. ಎಳೆದು ಹೊಂದಿಸಿದವಳು ನಾನು. ನಿಮ್ಮ ಅಕ್ಷರವನ್ನು ರಿಜಿಸ್ಟರಿನಲ್ಲಿ ಹಾಕಿದ್ದೂ ನಾನು. ನೀವು ಆಸ್ಪತ್ರೆಯಲ್ಲಿದ್ದಿರಿ. ನಿಮ್ಮ ಕಣ್ಣು ತಪ್ಪಲಿಲ್ಲ.”

ಆ ಕಡೆ ಫ್ಯಾನು ತಿರುಗುವ ಸದ್ದು. ಯಾವುದೋ ಪಾತ್ರೆ ಇಟ್ಟ ಸದ್ದು.

“ಸುಮತಿ ಹೇಳಿದ್ಳಾ, ಹೀಗೆ ಹೇಳು ಅಂತ?”

“ಇಲ್ಲ. ಅವರಿಗೆ ಗೊತ್ತೇ ಇಲ್ಲ. ನಿಜ ಹೇಳುತ್ತಿದ್ದೇನೆ.”

“ನೀನು ಒಳ್ಳೆ ಹುಡುಗಿ ಮಗಾ. ಆದರೆ ನಿನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ.” ಅವರು ನಕ್ಕರು. ವ್ಯಾನಿನಲ್ಲಿ ನಕ್ಕ ಅದೇ ನಗು. “ನನಗೆ ನೆನಪುಂಟು. ಮಂಗಳವಾರ, ಚಾ ಕುಡಿದ ಮೇಲೆ. ಆ ಇಗರ್ಜಿಯನ್ನೂ ನೋಡಿದ್ದೆ. ಏನೋ ಸರಿ ಇಲ್ಲ ಅಂತ ಮನಸ್ಸಿಗೆ ಬಂದಿತ್ತು. ಬಂದರೂ ಬಿಟ್ಟೆ. ಅದೇ ನನಗೆ —” ನಿಲ್ಲಿಸಿದರು. “ಮುದುಕನನ್ನು ಸಮಾಧಾನ ಮಾಡ್ಲಿಕ್ಕೆ ನೀನು ಹೊರೆ ಹೊರಬೇಡ. ಆಯ್ತಾ? ಊಟ ಆಯ್ತಾ ನಿಂದು?”

“ವಿಠಲಣ್ಣ, ಚಾದ ಮಾತು ನಾನೇ ಕಟ್ಟಿದ್ದು. ವ್ಯಾನಿನಲ್ಲಿ.”

“ಇಡ್ತೇನೆ ಮಗಾ,” ಎಂದರು.

ಇಂಥ ತಪ್ಪಿಗೆ ಏನು ಹೆಸರು ಎಂದು ನನಗೆ ಗೊತ್ತಿಲ್ಲ. ನಾನು ಹೇಳಿದ ಒಂದು ವಾಕ್ಯ ನಾಲ್ಕು ವರ್ಷಗಳಲ್ಲಿ ಅವರ ನೆನಪಾಗಿಬಿಟ್ಟಿದೆ. ಅದರಲ್ಲಿ ಈಗ ಚಾ ಇದೆ, ಮಂಗಳವಾರ ಇದೆ, ಅನುಮಾನ ಪಟ್ಟೂ ಬಿಟ್ಟ ಒಂದು ಗಳಿಗೆಯೂ ಇದೆ — ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರೇ ಸೇರಿಸಿಕೊಂಡದ್ದು. ಅದನ್ನು ತೆಗೆಯಲು ನನ್ನ ಕೈಯಲ್ಲಿ ಆಗುವುದಿಲ್ಲ. ನಿಜ ಹೇಳುವುದಕ್ಕೂ ಒಂದು ಕಾಲವಿತ್ತು. ಆ ಕಾಲದಲ್ಲಿ ಒಂಬತ್ತು ಹೆಜ್ಜೆಯ ದೂರವಿತ್ತು. ಈಗ ನಾನು ಎಷ್ಟು ನಿಜ ಹೇಳಿದರೂ ಅವರಿಗೆ ಅದು ನನ್ನ ಒಳ್ಳೆಯತನವಾಗಿಯೇ ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವರು ಬೇಕೆಂದೇ ಯೋಚಿಸಿದ್ದರೂ ಕೊಡಲಾಗುತ್ತಿರಲಿಲ್ಲ.

ಇದನ್ನು ಅವರು ಓದುವುದಿಲ್ಲ. ಓದುವುದನ್ನೇ ಬಿಟ್ಟಿದ್ದಾರೆ.

ಮರುದಿನ ಬೆಳಿಗ್ಗೆ, ಭಾನುವಾರ, ವ್ಯಾನಿಗೆ ಕಾಯದೆ ಟ್ಯಾಕ್ಸಿಯಲ್ಲಿ ಆಫೀಸಿಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಮುಗಿದ ಕೆಲಸಗಳ ಕಪಾಟಿನಿಂದ ಮೆರಿಯೊನೆತ್‌ಶೈರ್‌ನ ರಿಜಿಸ್ಟರು ತೆಗೆದೆ. ಆರನೇ ಅಂಕಣ. ಅವರ ಭೂತಗನ್ನಡಿ ಇಟ್ಟು ಒಮ್ಮೆ ನೋಡಿದೆ — ನನ್ನ ‘ವಿ’ಯ ಎಡಗಾಲು ಅವರದಕ್ಕಿಂತ ತುಸು ಹೆಚ್ಚೇ ಗಿಡ್ಡವಾಗಿತ್ತು. ಯಾರಾದರೂ ನೋಡಿದ್ದರೆ ತಿಳಿಯುತ್ತಿತ್ತು. ಸ್ಕೇಲಿಟ್ಟು ಮೊದಲ ಸಾಲಿನ ‘ವಿ. ಕೆ.’ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ‘ಪರೀಕ್ಷೆ ಆಗಿಲ್ಲ, ಈ ಅಕ್ಷರ ಹಾಕಿದ್ದು ನಾನು’ ಎಂದು ಇಂಗ್ಲಿಷಿನಲ್ಲಿ ಬರೆದು, ನನ್ನ ಪೂರ್ತಿ ಹೆಸರು, ಅಂದಿನ ತಾರೀಕು ಹಾಕಿದೆ. ಎರಡನೇ ಸಾಲಿಗೂ ಹಾಗೆಯೇ. ಮೂರನೆಯದಕ್ಕೂ. ಇಪ್ಪತ್ತೆಂಟೂ ಮುಗಿಯುವಾಗ ಕಾರಿಡಾರಿನಲ್ಲಿ ಹೆಜ್ಜೆ ಸದ್ದು ಶುರುವಾಗಿತ್ತು.

ರಿಜಿಸ್ಟರನ್ನು ಆ ಪುಟಕ್ಕೇ ತೆರೆದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಒಂಬತ್ತು ಹೆಜ್ಜೆ ನಡೆದು ನನ್ನ ಕುರ್ಚಿಗೆ ಬಂದು ಕುಳಿತೆ.